ಹನ್ನೊಂದನೆಯ ಫಾರಂ

ಕಪಾಟಿನ ಎಡಗಾಲನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದು ಕೈಯಿಂದ ಅದರ ಕೆಳಗಿನ ಕಟ್ಟನ್ನು ಎಳೆಯುವಾಗ ಮಲಿಕಾಳಿಗೆ ಅದು ಹಳೆಯ ರದ್ದಿ ಎಂದೇ ಅನಿಸಿತ್ತು. ಗೋಡೆಗೆ ಗೆದ್ದಲು ಹತ್ತಿತ್ತು. ಭಾನುವಾರ ಬೆಳಿಗ್ಗೆಯೇ ಔಷಧಿ ಹೊಡೆದು ಮುಗಿಸಿದರೆ ಹನ್ನೊಂದರ ಬಸ್ಸಿಗೆ ಹುಮನಾಬಾದಿಗೆ ಹೋಗಬಹುದು ಎಂಬ ಅವಸರ ಅವಳದು. ಕಟ್ಟು ಹೊರಗೆ ಬಂತು. ಕಪಾಟು ಧಡ್ಡನೆ ಕೂತು ಒಂದು ಕಡೆ ವಾಲಿತು, ಒಳಗಿನ ಗಾಜಿನ ಲೋಟಗಳು ಒಂದಕ್ಕೊಂದು ತಾಗಿ ಗಲಗಲ ಅಂದವು.

"ಏನ್ ಮಾಡಾಕತ್ತೀ?" ಅಂಗಳದಲ್ಲಿ ಅಕ್ಕಿ ಆರಿಸುತ್ತಿದ್ದ ಅತ್ತೆ ಹಜಿರಾ ಬೀ ಅಲ್ಲಿಂದಲೇ ಕೇಳಿದಳು. "ಅದನ್ನ ತಗೀಬ್ಯಾಡ. ಕಪಾಟ ಅಲಗಾಡ್ತಿತ್ತಂತ ನಾನೇ ಇಟ್ಟೀನಿ."

ಮಲಿಕಾ ಧೂಳು ಒರೆಸಿದಳು. ಪುಸ್ತಕ ಹೊಲಿಯುವ ದಾರದಿಂದಲೇ ಕಟ್ಟಿದ್ದ ಝೆರಾಕ್ಸ್ ಹಾಳೆಗಳು. ನಾಲ್ಕು ಹಾಳೆ ಒಟ್ಟಿಗೆ ಮಡಚಿದರೆ ಹದಿನಾರು ಪುಟದ ಒಂದು ಫಾರಂ. ಅಂಥ ಎಂಟು ಫಾರಂಗಳು, ಎಂಟರಲ್ಲೂ ಇದ್ದದ್ದು ಅವೇ ಹದಿನಾರು ಪುಟಗಳು. ಮೇಲಿನದರ ಮೂಲೆಯಲ್ಲಿ ಪೆನ್ಸಿಲ್ಲಿನಲ್ಲಿ ಬರೆದಿತ್ತು: ೧೧. ಅಕ್ಷರ ಅವಳದೇ.

"ಅಮ್ಮಿ, ಇದನ್ನ ಯಾವಾಗ ಇಟ್ಟೀರಿ?"

"ರಂಜಾನಿಗಿ ಸುಣ್ಣ ಹಚ್ಚಿಸಿದ್ವಲ್ಲ, ಆವಾಗ. ನೀ ನೆಲದ ತುಂಬ ಕಾಗದ ಹರವಿಕೊಂಡು ಕುಂತಿದ್ದಿ, ಕಾಲಿಡಾಕ ಜಾಗಾ ಇಲ್ಲ. ಒಂದ್ ಕಟ್ಟು ಬಾಗಲ ಸಂದ್ಯಾಗ ಬಿದ್ದಿತ್ತು. ಎಷ್ಟ್ ಬರೋಬ್ಬರಿ ಕುಂತದ ನೋಡು, ಅಳತಿ ತಗೊಂಡು ಮಾಡಿಸಿದಂಗ."

ಮಲಿಕಾ ಮೊದಲ ಪುಟದ ಮೊದಲ ಸಾಲು ಓದಿದಳು. ‘ಅಲ್ಲೇ ಕೂಡು, ಎಂದಳು ಚಂದ್ರವ್ವ.’ ಔಷಧಿಯ ಡಬ್ಬಿ ಮುಚ್ಚುವುದನ್ನು ಮರೆತು ನಿಂತಲ್ಲೇ ಎರಡನೆಯ ಸಾಲಿಗೆ ಹೋದಳು, ಆಮೇಲೆ ಮೂರನೆಯದಕ್ಕೆ.

ಗಂಡ ಇಸ್ಮಾಯಿಲನದು ಬಸವಕಲ್ಯಾಣದ ಬಸ್ ನಿಲ್ದಾಣದ ಹಿಂದೆ ಬೈಂಡಿಂಗ್ ಅಂಗಡಿ. ಕಚೇರಿಗಳ ರಿಜಿಸ್ಟರು, ಕಾಲೇಜು ಹುಡುಗರ ಪ್ರಾಜೆಕ್ಟು, ಮಸೀದಿಯ ಹಳೆಯ ಗ್ರಂಥಗಳು. ರಟ್ಟು ಕತ್ತರಿಸುವುದು, ಅಂಟು ಬಳಿಯುವುದು ಅವನದು. ಹೊಲಿಗೆ ಮನೆಯಲ್ಲಿ ಮಲಿಕಾಳದು. ಇಸ್ಮಾಯಿಲ ಓದಿದ್ದು ಉರ್ದು ಶಾಲೆಯಲ್ಲಿ. ಕನ್ನಡ ಮಾತಾಡುತ್ತಾನೆ, ಅಕ್ಷರ ಬರುವುದಿಲ್ಲ. ಮಲಿಕಾಳ ತವರು ನಿರ್ಣಾದಲ್ಲಿ ಇದ್ದದ್ದು ಕನ್ನಡ ಶಾಲೆ ಒಂದೇ. ಹಾಗಾಗಿ ಮನೆಯ ಮಾತು ದಖನಿಯಾದರೂ ಅವಳ ಓದು ಕನ್ನಡ. ನಾಲ್ಕು ವರ್ಷದ ಹಿಂದೆ ಹುಮನಾಬಾದಿನ ಸುಮನಬಾಯಿ ಟೀಚರು ಹರಿದುಹೋದ ಕಾದಂಬರಿಯೊಂದನ್ನು ಹೊಲಿಗೆಗೆ ಕೊಟ್ಟು, ವಾಪಸು ಒಯ್ಯಲು ಬಂದಾಗ, "ಇದರಾಗಿನ ಸೊಸಿಗಿ ಕಡೀಕ ನ್ಯಾಯ ಸಿಗಲಿಲ್ಲಲ್ರಿ ಟೀಚರ್" ಎಂದಿದ್ದಳು ಮಲಿಕಾ. ಟೀಚರು ಕನ್ನಡಕ ಮೇಲೇರಿಸಿ ಅವಳನ್ನು ನೋಡಿ, "ಎರಡನೇ ಐತವಾರ ನಮ್ಮ ಮನಿಗಿ ಬಾ" ಎಂದಿದ್ದರು.

ಅಲ್ಲಿ ಎಂಟು ಜನ ಸೇರುತ್ತಾರೆ. ಹಳೆಯ ಕಾದಂಬರಿಗಳನ್ನೇ ಓದುತ್ತಾರೆ. ಅಂಗಡಿಯಲ್ಲಿ ಸಿಗದ ಪುಸ್ತಕವನ್ನು ಎಲ್ಲಿಂದಲೋ ತರಿಸಿ ಎಂಟು ಝೆರಾಕ್ಸ್ ಮಾಡಿಸುವುದು ಟೀಚರ ಕೆಲಸ, ಅವನ್ನು ಪುಸ್ತಕ ಮಾಡುವುದು ಮಲಿಕಾಳ ಕೆಲಸ. ಈ ಸಲದ್ದು ಎಂಬತ್ತು ವರ್ಷ ಹಳೆಯದು. ಝೆರಾಕ್ಸಿನವನು ಪುಟದ ಅಡಿಯ ಅಂಕಿಗಳನ್ನೆಲ್ಲ ಕತ್ತರಿಸಿಬಿಟ್ಟಿದ್ದ. ಮೂಲ ಪ್ರತಿ ಭಾಲ್ಕಿಯಲ್ಲಿರುವ ಟೀಚರ ಗೆಳತಿಯದು, ಅದೇ ವಾರ ಹಿಂದಕ್ಕೆ ಹೋಗಿತ್ತು. ಹೊಲಿಯುವ ಮೊದಲೊಮ್ಮೆ ಎಣಿಸು, ಹೊಲಿದ ಮೇಲೊಮ್ಮೆ ಎಣಿಸು ಎಂದು ಕಲಿಸಿದ್ದವರು ತೀರಿಹೋದ ಮಾವ. ಇಪ್ಪತ್ತು ವರ್ಷದಲ್ಲಿ ಮಲಿಕಾ ಎಣಿಸದೆ ಬಿಟ್ಟದ್ದು ಅದೊಂದೇ ಸಲ. ಕಾರಣ ಯಾರಿಗೂ ಹೇಳುವಂಥದ್ದಲ್ಲ. ಓದುತ್ತಾ ಹೊಲಿದಿದ್ದಳು. ಸೂಜಿ ತನ್ನ ಪಾಡಿಗೆ ಹೋಗುತ್ತಿತ್ತು, ಅವಳು ಚಂದ್ರವ್ವನ ಹಿಂದೆ ಹೋಗುತ್ತಿದ್ದಳು.

ಚಂದ್ರವ್ವನ ಗಂಡ ತುಂಬಿದ ಸಂತೆಯಲ್ಲಿ ಹೆಂಡತಿಯ ನಡತೆಯ ಮೇಲೆ ಮಾತಾಡಿರುತ್ತಾನೆ. ಸುಳ್ಳು ಮಾತು. ಅವಳು ಅಣ್ಣನ ಮನೆ ಸೇರುತ್ತಾಳೆ. ಮೂರು ವರ್ಷದ ಮೇಲೆ ಅವನು ಕರೆಯಲು ಬಂದು ಅಂಗಳದಲ್ಲಿ ನಿಲ್ಲುತ್ತಾನೆ. ‘ಚಂದ್ರವ್ವ ಬಾಗಿಲಿಗೆ ಬಂದಳು’ ಎಂಬಲ್ಲಿಗೆ ಹತ್ತನೆಯ ಫಾರಂ ಮುಗಿಯುತ್ತದೆ. ಪುಟ ತಿರುವಿದರೆ ಅವಳು ಗಂಡನ ಮನೆಯ ಬಾವಿಯಲ್ಲಿ ನೀರು ಸೇದುತ್ತಿದ್ದಾಳೆ. ಹಳೆಯ ಕಾಲದ ಲೇಖಕರು ಹೀಗೇ, ಹೇಳಬೇಕಾದ್ದನ್ನು ಹೇಳದೆ ಬಿಡುತ್ತಾರೆ ಎಂದು ಕೂಟದಲ್ಲಿ ಎಲ್ಲರೂ ಅದನ್ನು ಬಹಳ ಮೆಚ್ಚಿಕೊಂಡಿದ್ದರು. ಒಂದು ಮಾತೂ ಆಡದೆ ಆಕೆ ಯಾಕೆ ಹೋದಳು ಎಂದು ಟೀಚರು ಕೇಳಿದಾಗ, ಯಾವಾಗಲೂ ಕಡೆಗೆ ಮಾತಾಡುವ ಮಲಿಕಾ ಮೊದಲೇ ಹೇಳಿದ್ದಳು: "ಕೆಲವು ಮಾತು ಆಡಿದ್ರ ಸಣ್ಣವಾಗ್ತಾವ್ರಿ. ಆಕಿ ಆಡಲಿಲ್ಲ. ಸುಮ್ನ ಹೋಗೋದೂ ಒಂದು ಗೆಲವು."

ಟೀಚರು ಅದನ್ನು ನೋಟುಬುಕ್ಕಿನಲ್ಲಿ ಬರೆದುಕೊಂಡಿದ್ದರು. ಆ ತಿಂಗಳಿಡೀ ಮಲಿಕಾ ಪಾತ್ರೆ ತೊಳೆಯುವಾಗಲೂ ಆ ಮಾತನ್ನು ಮನಸ್ಸಿನಲ್ಲೇ ಹೇಳಿಕೊಂಡು ನೋಡುತ್ತಿದ್ದಳು, ಹೊಸ ಬಳೆ ಹಾಕಿಕೊಂಡವಳು ಕೈ ತಿರುಗಿಸಿ ತಿರುಗಿಸಿ ನೋಡುವಂತೆ.

ಈಗ ಬಸ್ಸಿನಲ್ಲಿ, ಚೀಲದ ಮೇಲೆ ಹಾಳೆ ಇಟ್ಟುಕೊಂಡು, ಉಳಿದ ಹದಿನೈದು ಪುಟ ಓದಿದಳು. ಕಂಡಕ್ಟರು ಆಧಾರ್ ಕಾರ್ಡು ಕೇಳಿದಾಗ ಮೊಬೈಲು ಕೊಟ್ಟಳು. ಬಿಸಿಲು ಬರುತ್ತದೆಂದು ಸೀಟು ಬದಲಿಸಿದಳು. ಅಲ್ಲೂ ಕೂರಲಾಗದೆ ಮತ್ತೆ ಬದಲಿಸಿದಳು.

ಚಂದ್ರವ್ವ ಸುಮ್ಮನೆ ಹೋಗಿರಲೇ ಇಲ್ಲ. ‘ಅಲ್ಲೇ ಕೂಡು’ ಎಂದು ಗಂಡನನ್ನು ಕಟ್ಟೆಯ ಮೇಲೆ ಕೂರಿಸಿ, ನೀರು ಕೊಟ್ಟು, ರೊಟ್ಟಿ ಕೊಟ್ಟು, ಸಂಜೆಯವರೆಗೆ ಅವನ ಸುತ್ತಲೇ ಓಡಾಡಿ ಮನೆಗೆಲಸ ಮಾಡಿದ್ದಳು. ದೀಪ ಹಚ್ಚುವ ಹೊತ್ತಿಗೆ ಕೇಳಿದ್ದಳು, ‘ಸಂತೆಯಲ್ಲಿ ಏನು ಅಂದಿದ್ದೆಯೋ ಅದನ್ನು ಇಲ್ಲಿ ಒಮ್ಮೆ ಅನ್ನು.’ ಅವನು ಎದ್ದು ಹೋಗಿದ್ದ. ಎರಡನೆಯ ಸಲ ಬಂದಾಗಲೂ ಅದೇ ಪ್ರಶ್ನೆ. ಮೂರನೆಯ ಸಲ ಅವನು ಅವಳ ಹತ್ತಿರ ಬರಲೇ ಇಲ್ಲ. ನೇರ ಸಂತೆಗೆ ಹೋಗಿ, ಮೊದಲು ನಿಂತಿದ್ದ ಜಾಗದಲ್ಲೇ ನಿಂತು, ನಾನು ಆಡಿದ್ದು ಸುಳ್ಳು ಎಂದ. ಸುದ್ದಿ ಬಂದು ಮುಟ್ಟಿದ ಮೇಲೆ ಚಂದ್ರವ್ವ ಅಣ್ಣನಿಗೆ ಬಂಡಿ ಹೂಡು ಎಂದಳು. ಹದಿನಾರು ಪುಟ ಅಲ್ಲಿಗೆ ಮುಗಿದಿತ್ತು.

ಸುಮನಬಾಯಿ ಟೀಚರ ಪಡಸಾಲೆಯಲ್ಲಿ ಜಮಖಾನ ಹಾಸಿ ಆಗಿತ್ತು. ನಿವೃತ್ತ ಪೋಸ್ಟ್ ಮಾಸ್ತರ ದಿಗಂಬರರಾವ್ ಗೋಡೆಗೆ ಒರಗಿ ಸುಸಲಾ ತಿನ್ನುತ್ತಿದ್ದರು. ಟೀಚರು ನೋಟುಬುಕ್ಕು ತೆರೆದು, ಈ ಕಾದಂಬರಿ ಮುಗಿಸುವ ಮೊದಲು ಮಲಿಕಾ ಹೇಳಿದ್ದನ್ನು ಇನ್ನೊಮ್ಮೆ ನೆನಪಿಸುತ್ತೇನೆ ಎಂದು ಗಟ್ಟಿಯಾಗಿ ಓದಿದರು.

"ನಮ್ಮ ಮನ್ಯಾಗ ಇದನ್ನ ಹೇಳಬ್ಯಾಡ್ರಿ ಮತ್ತ," ಎಂದರು ದಿಗಂಬರರಾವ್. "ನಮ್ಮಾಕಿ ಒಂದ್ ದಿನ ಸುಮ್ನ ಕುಂತ್ರ ನನಗ ಜ್ವರಾನೇ ಬರ್ತಾವ. ಬೈದ್ರ ಊಟ ಸೇರ್ತದ."

ಎಲ್ಲರೂ ನಕ್ಕರು. ಮಲಿಕಾ ಚೀಲದೊಳಗೆ ಕೈ ಹಾಕಿದಳು. ಹಾಳೆಗಳು ಬೆರಳಿಗೆ ಸಿಕ್ಕವು.

"ಟೀಚರ್, ಒಂದ್ ಮಾತ..."

"ಹೇಳು ಮಲಿಕಾ. ನಿಲ್ರಿ, ಮಲಿಕಾ ಏನೋ ಹೇಳ್ತಾಳ."

ಏಳು ಮುಖಗಳೂ ಅವಳ ಕಡೆ ತಿರುಗಿದವು. ಓದಿದವರು, ನೌಕರಿ ಮಾಡಿದವರು. ಎದುರಿಗೆ ಕೂತ ವಿಶಾಖಾ ಪೆನ್ನು ಹಿಡಿದು ಕಾಯುತ್ತಿದ್ದಳು. ಮಲಿಕಾ ಕೈ ಹೊರಗೆ ತೆಗೆದಳು. ಬರಿಗೈ.

"ಮುಂದಿನ ಪುಸ್ತಕ ಯಾವದ್ರಿ ಅಂತ ಕೇಳಾಕ," ಎಂದಳು.

ಚಹಾಕ್ಕೆ ನೀರಿಡಲು ಅವಳೇ ಎದ್ದು ಅಡುಗೆಮನೆಗೆ ಹೋದಳು. ವಿಶಾಖಾ ಹಿಂದೆಯೇ ಬಂದಳು. ದುಬಲಗುಂಡಿಯ ಹುಡುಗಿ, ಮೂವತ್ತು ದಾಟಿಲ್ಲ. ಹುಮನಾಬಾದಿನ ಒಂದು ಸಣ್ಣ ದವಾಖಾನೆಯಲ್ಲಿ ಚೀಟಿ ಬರೆಯುವ ಕೆಲಸ. ಅದೇ ದವಾಖಾನೆಗೆ ಒಂದು ದಿನ ಅವಳ ಗಂಡ ಶೈಲೇಶ ಬಂದು, ರೋಗಿಗಳ ಮುಂದೆ ಅವಳ ಚೀಲ ಕಿತ್ತುಕೊಂಡು ನೆಲಕ್ಕೆ ಸುರಿದಿದ್ದ. ತಾಯಿಯ ಕೊರಳ ಬೋರಮಾಳ ಕಳೆದಿದೆ, ಇವಳೇ ಕದ್ದಿದ್ದಾಳೆ ಎಂದಿದ್ದ. ಎಂಟು ದಿನದ ಮೇಲೆ ಬೋರಮಾಳ ಮುದುಕಿಯ ಜೋಳದ ಡಬ್ಬಿಯಲ್ಲಿ ಸಿಕ್ಕಿತು. ಯಾರೂ ಏನೂ ಅನ್ನಲಿಲ್ಲ. ವಿಶಾಖಾ ಅಷ್ಟರಲ್ಲಿ ತವರಿಗೆ ಬಂದಿದ್ದಳು, ಬಂದು ಹದಿನಾಲ್ಕು ತಿಂಗಳಾಗಿತ್ತು.

"ಆಪಾ, ನಿಮಗ ಮೊದಲ ಹೇಳ್ತೀನಿ," ಎಂದಳು ವಿಶಾಖಾ, ಕಪ್ಪುಗಳನ್ನು ಜೋಡಿಸುತ್ತಾ. "ಬರೋ ಗುರುವಾರ ಹೋಗಾಕತ್ತೇನ್ರಿ. ಅವರು ಗಾಡಿ ತಗೊಂಡು ಬರ್ತಾರ."

"ಹೋಗಾಕತ್ತೀ?"

"ಹಿರಿಯಾರ ಬೈಠಕ್ ಮಾಡಸ್ತೀನಿ ಅಂದಿದ್ದ ನಮ್ಮಪ್ಪ. ನಾನೇ ಬ್ಯಾಡ ಅಂದೆ. ಒಂದ್ ಮಾತೂ ಕೇಳಂಗಿಲ್ಲ, ಸುಮ್ನ ಹೋಗಿ ಗಾಡಿ ಹತ್ತತೀನಿ. ಅವರಿಗೇ ನಾಚಿಕಿ ಬರ್ಲಿ." ಸ್ವಲ್ಪ ನಕ್ಕಳು. "ಒಂದ್ ತಿಂಗಳಾತ್ರಿ, ನೀವು ಹೇಳಿದ್ದು ತಲ್ಯಾಗ ಕುಂತುಬಿಟ್ಟದ. ಇಲ್ಲಂದ್ರ ನನ್ನ ಕೈಲಿ ಆಗ್ತಿದ್ದಿಲ್ಲ."

ಚಹಾ ಉಕ್ಕಿ ಒಲೆಯ ಮೇಲೆ ಹರಿಯಿತು. ಮಲಿಕಾ ಗ್ಯಾಸ್ ಆರಿಸಿ, ಬಟ್ಟೆ ಹುಡುಕಿ, ಒರೆಸಿದ ಜಾಗವನ್ನೇ ಮತ್ತೆ ಒರೆಸಿದಳು. ಚೀಲ ಪಡಸಾಲೆಯಲ್ಲಿತ್ತು. ನಾಲ್ಕು ಹೆಜ್ಜೆ. ತಂದು ಕೈಗಿಟ್ಟರೆ ಮುಗಿಯಿತು. ಆದರೆ ಹೊರಗೆ ದಿಗಂಬರರಾವ್, "ಚಹಾ ಬಸವಕಲ್ಯಾಣದಿಂದ ಬರಬೇಕೇನ್ರಿ?" ಎಂದು ಕೂಗಿದರು, ಟೀಚರು ನಕ್ಕರು. ಬಿಡಿ ಹಾಳೆ ಕೊಟ್ಟರೆ ಬಿಡಿ ಹಾಳೆಯೇ, ಎಂದು ಮಲಿಕಾ ತನಗೆ ತಾನೇ ಹೇಳಿಕೊಂಡಳು. ಪುಸ್ತಕದೊಳಗೆ ಹೊಲಿದು ಕೊಟ್ಟರೆ ಬೇರೆ. ಅದು ಕುಂಟುನೆಪ ಎಂಬುದು ಅವಳಿಗೂ ಗೊತ್ತಿತ್ತು.

"ನಿನ್ನ ಪುಸ್ತಕ ತಂದೀಯೇನು?"

"ಹೌದ್ರಿ, ಯಾಕ?"

"ಹೊಲಿಗಿ ಸಡಲ ಆಗ್ಯಾದ. ಬಿಗಿ ಮಾಡಿ ಕೊಡ್ತೀನಿ."

"ಓದಿ ಮುಗಿದದಲ್ರಿ ಆಪಾ. ಇರ್ಲಿ ಬಿಡ್ರಿ."

"ಕೊಡು," ಎಂದಳು ಮಲಿಕಾ. ದನಿ ತನ್ನದಲ್ಲ ಎನ್ನುವಷ್ಟು ಗಡುಸಾಗಿತ್ತು. ವಿಶಾಖಾ ಒಮ್ಮೆ ಅವಳ ಮುಖ ನೋಡಿ, ಹೋಗಿ ಪುಸ್ತಕ ತಂದುಕೊಟ್ಟಳು.

ಸೋಮವಾರ ಅತ್ತೆ ಬಿಸಿಲಿಗೆ ಕೂತಿದ್ದ ಹೊತ್ತಿನಲ್ಲಿ ಮಲಿಕಾ ವಿಶಾಖಾಳ ಪುಸ್ತಕದ ರಟ್ಟು ಬಿಡಿಸಿ, ಹೊಲಿಗೆ ಕತ್ತರಿಸಿದಳು. ಹತ್ತರ ಬೆನ್ನಿಗೆ ಹನ್ನೊಂದು ಇಟ್ಟು ಸೂಜಿ ಪೋಣಿಸಿದಳು. ಎಷ್ಟೋ ಸಾವಿರ ಫಾರಂ ಹೊಲಿದ ಕೈ ಅಂದು ಎರಡು ಸಲ ಬೆರಳಿಗೆ ಚುಚ್ಚಿಕೊಂಡಿತು. ಮಲಿಕಾ ಆಡಿದ ಮಾತನ್ನು ವಿಶಾಖಾ ಚಂದ್ರವ್ವನದೆಂದು ತಿಳಿದಿದ್ದಳು. ಅದು ಚಂದ್ರವ್ವನದಾಗಿರಲಿಲ್ಲ.

ಮದುವೆಯಾದ ಮೂರನೆಯ ವರ್ಷ ಮಲಿಕಾಳಿಗೆ ಅಂಗನವಾಡಿ ಕೆಲಸದ ಆದೇಶ ಬಂದಿತ್ತು. ಬಂದದ್ದು ಅವಳಿಗೆ ಗೊತ್ತಾದದ್ದೇ ಒಂದು ತಿಂಗಳ ಮೇಲೆ, ಬೇರೆಯವಳು ಆ ಕುರ್ಚಿಯಲ್ಲಿ ಕೂತ ನಂತರ. ಇಸ್ಮಾಯಿಲ ಕಚೇರಿಗೆ ಹೋಗಿ, ಅವಳಿಗೆ ಕನ್ನಡ ಸರಿಯಾಗಿ ಬರುವುದಿಲ್ಲ, ಅರ್ಜಿ ಯಾರೋ ಬರೆದುಕೊಟ್ಟದ್ದು ಎಂದು ಹೇಳಿ, ಅವಳ ಪರವಾಗಿ ಬೇಡವೆಂದು ಸಹಿ ಮಾಡಿ ಬಂದಿದ್ದ. ಅವಳು ನಿರ್ಣಾಕ್ಕೆ ಹೋಗಿ ನಾಲ್ಕು ತಿಂಗಳು ಇದ್ದಳು. ಅವನು ಆಟೋ ತಂದ ದಿನ ತಾಯಿ ಬಟ್ಟೆಗಂಟು ಕಟ್ಟಿಕೊಟ್ಟಳು. ಅವಳು ಹತ್ತಿ ಕೂತಳು. ದಾರಿಯಲ್ಲಿ ಅವನು, "ಬಿಸಲ ಭಾಳ ಅದ" ಅಂದ. ಅವಳು, "ಹೌದು" ಅಂದಳು. ಇಪ್ಪತ್ತಮೂರು ವರ್ಷ ಅದರ ಮೇಲೆ ಮತ್ತೊಂದು ಮಾತಿಲ್ಲ. ಅವನೇನು ಕೆಟ್ಟವನಲ್ಲ. ಈಗ ಅವಳಿಗೆ ತಲೆನೋವೆಂದರೆ ತಾನೇ ಅಂಗಡಿ ಬಿಟ್ಟು ಬಂದು ಚಹಾ ಮಾಡಿಕೊಡುತ್ತಾನೆ. ಆ ಆಟೋದಲ್ಲಿ ಕೂತಿದ್ದಕ್ಕೆ ಗೆಲುವು ಎಂದು ಹೆಸರಿಟ್ಟದ್ದು ಅವಳೇ, ಹೋದ ತಿಂಗಳು, ಟೀಚರ ಪಡಸಾಲೆಯಲ್ಲಿ.

ದಾರದ ಗಂಟು ಬಿಗಿದು, ಫಾರಂಗಳನ್ನು ಎಣಿಸಿದಳು. ಇನ್ನೊಮ್ಮೆ ಎಣಿಸಿದಳು. ಮಂಗಳವಾರ ಅಂಟು ಒಣಗಿದ ಕೂಡಲೇ ಕಾಗದ ಸುತ್ತಿ, ದವಾಖಾನೆಯ ವಿಳಾಸ ಬರೆದು, ಬಸ್ ನಿಲ್ದಾಣಕ್ಕೆ ಹೋಗಿ ಪರಿಚಯದ ಕಂಡಕ್ಟರ ಬಸವಣಪ್ಪನ ಕೈಗೆ ಕೊಟ್ಟಳು.

"ಇವತ್ತೇ ಮುಟ್ಟಬೇಕ್ರಿ ಅಣ್ಣಾ. ನಾಳಿ ಅನ್ನಬ್ಯಾಡ್ರಿ."

"ಏನದ ಇದ್ರಾಗ ಅಕ್ಕಾ, ದವಾಯಿ?"

"ಪುಸ್ತಕ."

"ಪುಸ್ತಕಕ್ಕ ಇಷ್ಟ್ ಅವಸರ?" ಎಂದು ಅವನು ನಕ್ಕು ಅದನ್ನು ಡ್ರೈವರ ಹಿಂದಿನ ಜಾಗದಲ್ಲಿಟ್ಟ. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೆ ಅವಳು ನಿಂತಿದ್ದಳು.

ಬುಧವಾರ ಬೆಳಿಗ್ಗೆ ಫೋನು ಬಂತು.

"ಆಪಾ, ಇದು ಮೊದಲ ಎಲ್ಲಿತ್ರಿ?" ವಿಶಾಖಾಳ ಹಿಂದೆ ದವಾಖಾನೆಯ ಗದ್ದಲ ಕೇಳುತ್ತಿತ್ತು.

"ನಮ್ಮ ಕಪಾಟಿನ ಕೆಳಗ. ನಾ ಎಣಿಸಲಾರದ ಹೊಲಿದಿದ್ದೆ. ತಪ್ಪು ನಂದು."

ಆ ಕಡೆ ಯಾರೋ ಹೆಸರು ಬರೆಸುತ್ತಿದ್ದರು. ವಿಶಾಖಾ ಅವರಿಗೆ ಕೂಡಲು ಹೇಳಿ ಹೊರಗೆ ಬಂದಂತಿತ್ತು.

"ಮತ್ತ ನೀವು ಅಂದದ್ದು?"

"ಅದು ಕಥಿದಲ್ಲವ್ವ. ನಂದು." ಮಲಿಕಾ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು. "ನಾ ಹಂಗ ಬಂದಿದ್ದೆ. ಗೆಲವು-ಗಿಲವು ಏನಿಲ್ಲ ಅದರಾಗ. ನೀ ಹೋಗು, ಬಿಡು, ಅದು ನಿನ್ನ ಮನಸು. ನನ್ನ ಮಾತು ಕೇಳಿ ಮಾತ್ರ ಹೋಗಬ್ಯಾಡ."

"ರಾತ್ರಿ ಮೂರು ಸಲ ಓದಿನ್ರಿ," ಎಂದಳು ವಿಶಾಖಾ. "ಈಗ ಅವರಿಗಿ ಫೋನ್ ಮಾಡಿದ್ದೆ. ಗಾಡಿ ತರಬ್ಯಾಡ್ರಿ, ಮೊದಲ ನೀವೊಬ್ಬರೇ ದವಾಖಾನಿಗಿ ಬರ್ರಿ, ಓಪಿಡಿ ಹೊತ್ತಿನಾಗ, ಮಂದಿ ಇದ್ದಾಗ ಬರ್ರಿ ಅಂದೆ. ಯಾಕಂತ ಕೇಳಿದ್ರು. ಗೊತ್ತದ ನಿಮಗ ಅಂದೆ."

"ಏನಂದ?"

"ಫೋನ್ ಇಟ್ರು." ಅವಳ ಉಸಿರು ಕೇಳಿಸಿತು. "ಬರ್ತಾರೋ ಇಲ್ಲೋ. ಅವ್ವ ನನ್ನ ಕೂಡ ಮಾತು ಬಿಟ್ಟಾಳ. ಇಡ್ತೀನ್ರಿ, ಮಂದಿ ನಿಂತಾರ."

ಮಲಿಕಾ ಅಂಗಳಕ್ಕೆ ಹೋದಳು, ಒಳಗೆ ಬಂದಳು, ಮತ್ತೆ ಹೋದಳು. "ಕಾಲಾಗ ಚಕ್ರ ಕಟ್ಟೀದೇನು?" ಎಂದಳು ಅತ್ತೆ. ಕಡೆಗೆ ತನ್ನದೇ ಪ್ರತಿ ತೆಗೆದು ಬಿಚ್ಚಿ ಹೊಲಿಯಲು ಕೂತಾಗಷ್ಟೇ ಕೈಗೊಂದು ಕೆಲಸ ಸಿಕ್ಕಿತು. ಉಳಿದ ಆರೂ ಪ್ರತಿಗಳನ್ನು ಮುಂದಿನ ಕೂಟದಲ್ಲಿ ಎಲ್ಲರ ಮುಂದೆ ಕೇಳಿ ತರಬೇಕು. ಯಾಕೆಂದು ಹೇಳಿಯೇ ತರಬೇಕು.

ಮಧ್ಯಾಹ್ನ ಇಸ್ಮಾಯಿಲ ಊಟಕ್ಕೆ ಬಂದ. ತಟ್ಟೆ ಬರುವುದರೊಳಗೆ ಪಕ್ಕದಲ್ಲಿದ್ದ ಪುಸ್ತಕ ಎತ್ತಿ, ಬೈಂಡಿಂಗಿನವರ ಅಭ್ಯಾಸದಂತೆ ಬೆನ್ನು ಬಾಗಿಸಿ, ಹೆಬ್ಬೆರಳಿನಿಂದ ಸವರಿದ.

"ಇದು ನೀ ಮೊದಲ ಹೊಲಿದದ್ದೇ ಅಲ್ಲ? ಈಗ ದಪ್ಪ ಆಗ್ಯಾದ."

"ಒಂದ್ ಫಾರಂ ಬಿಟ್ಟಿತ್ತು."

"ನೀ ಬಿಟ್ಟಿದ್ದಿ?" ಅವನು ನಿಜಕ್ಕೂ ಆಶ್ಚರ್ಯಪಟ್ಟ. "ಅಬ್ಬಾ ಇದ್ದಿದ್ರ ಕೈ ಮ್ಯಾಲ ಹೊಡೀತಿದ್ರು." ನಕ್ಕು ಪುಟ ತಿರುವಿದ. ಓದಲು ಬಾರದ ಸಾಲುಗಳ ಮೇಲೆ ಕಣ್ಣಾಡಿಸಿ, ಹೊಲಿಗೆ ನೋಡಿ ತಲೆದೂಗಿದ. "ಏನದ ಇದ್ರಾಗ?"

"ಒಬ್ಬಾಂವ ಹೆಂಡ್ತೀನ್ನ ಕರಕೊಂಡು ಹೋಗಾಕ ಬರ್ತಾನ."

"ಹೋಗ್ತಾಳೇನು?"

ಮಲಿಕಾ ಅವನ ಅನ್ನದ ಮೇಲೆ ಬೇಳೆ ಹಾಕಿದಳು. "ಮೊದಲ ಕೂಡಸ್ತಾಳ."

"ಕೂಡಸ್ತಾಳ? ಎಲ್ಲಿ?"

"ಕಟ್ಟಿ ಮ್ಯಾಲ."

ಇಸ್ಮಾಯಿಲ ತುತ್ತು ಕಲಸುತ್ತಾ ಅವಳ ಮುಖ ನೋಡಿದ. ಉಪ್ಪಿನಕಾಯಿ ತೆಗೆದುಕೊಂಡ. ಊಟ ಮುಗಿಸಿ ಕೈ ತೊಳೆದು, ಚಪ್ಪಲಿ ಮೆಟ್ಟಿ, ಬಾಗಿಲಲ್ಲಿ ಒಂದು ಗಳಿಗೆ ನಿಂತು, ಅಂಗಡಿಗೆ ಹೋದ.

ನಾಡಿದ್ದು ಶುಕ್ರವಾರ, ಮಧ್ಯಾಹ್ನ ಅಂಗಡಿ ಇರುವುದಿಲ್ಲ ಎಂದು ಮಲಿಕಾ ಲೆಕ್ಕ ಹಾಕಿದಳು. ನಮಾಜು ಮುಗಿಸಿ ಬಂದು, ಊಟ ಮಾಡಿ, ಇದೇ ಗೋಡೆಗೆ ದಿಂಬು ಇಟ್ಟು ಒರಗುತ್ತಾನೆ. ಅತ್ತೆ ಆ ಹೊತ್ತಿಗೆ ಮಗಳ ಮನೆಯಲ್ಲಿರುತ್ತಾಳೆ. ಈಗ ಅವನ ತಟ್ಟೆ ಎತ್ತದೆ ಅಲ್ಲೇ ಕೂತು, ಪುಸ್ತಕದಲ್ಲಿ ಹನ್ನೊಂದನೆಯ ಫಾರಂ ತೆರೆದು, ಮೊದಲ ಪುಟವನ್ನು ಗೋಡೆಗೆ ಒರಗಿದವನಿಗೆ ಕೇಳುವಷ್ಟು ಗಟ್ಟಿಯಾಗಿ ಓದಿ ನೋಡಿದಳು. ಗಡಿಯಾರ ನೋಡಿದಳು. ಅವನಿಗೆ ಹದಿನಾರು ಪುಟ ಓದಿ ಹೇಳಲು ಒಂದು ತಾಸು ಸಾಕು. ಆದರೆ ಕೆಲವು ಮಾತು ಅವನಿಗೆ ಕನ್ನಡದಲ್ಲಿ ನಾಟಲಿಕ್ಕಿಲ್ಲ. ಅಂಗಳದಲ್ಲಿ ಅತ್ತೆ ಕೆಮ್ಮಿದಳು. ಮಲಿಕಾ ದನಿ ತಗ್ಗಿಸಿ, ಮತ್ತೆ ಮೊದಲ ಸಾಲಿಗೆ ಹೋಗಿ, ತುಟಿ ಮಾತ್ರ ಅಲುಗಿಸುತ್ತಾ, ಈ ಸಲ ದಖನಿಯಲ್ಲಿ ಶುರುಮಾಡಿದಳು.